ಗಂಡನ ನಂಬರು

"ಅವರೇ ಓಡತಾರಂತಪ್ಪಾ," ಎಂದು ಕೃಷ್ಣವೇಣಿ ಬಾಗಿಲನ್ನು ಅರ್ಧ ಮಾತ್ರ ತೆರೆದು ಹೇಳಿದಳು. "ರಾತ್ರಿ ಎಣ್ಣಿ ಹಚ್ಚಿ ತಿಕ್ಕಿದೆ. ಮುಂಜಾನೆ ಎದ್ದು ನೋಡಿದ್ರ ಕುದುರಿ ಆಗ್ಯಾರ."

ಹೊಸ್ತಿಲಾಚೆ ನಿಂತಿದ್ದ ಸುಧೀರನಿಗೆ ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಬೆಳಗಿನ ಆರು ಗಂಟೆ. ಲಂಡನ್ನಿನ ಇಲ್ಫರ್ಡಿನ ಆ ಬೀದಿಯಲ್ಲಿ ಹಾಲಿನ ಗಾಡಿಯೊಂದನ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವನು, ದಿನಾ ಎಂಟು ಮೈಲಿ ಓಡುವವನು, ಇವತ್ತು ಓಡಲೆಂದೇ ತಯಾರಾಗಿ ಬಂದಿದ್ದ.

"ನಿನ್ನೆ ಫೋನಲ್ಲಿ ನಡೆಯಕ್ಕೇ ಆಗ್ತಿಲ್ಲ ಅಂದ್ರು ಆಂಟಿ. ಬೆಳಿಗ್ಗೆ ಬಂದು ನಂಬರು, ಚಿಪ್ಪು ಇಸ್ಕೊಂಡು ಹೋಗು ಅಂದಿದ್ರು."

"ಅಂದಿದ್ರು. ಈಗ ಬ್ಯಾಡ ಅಂದಾರ. ಸ್ನಾನಕ್ಕ ಹೋಗ್ಯಾರ, ಕರೀಲೇನು?"

ಕರೆಯುವುದು ಬೇಡವೆಂದ ಸುಧೀರ. ಬರಿಗೈಯಲ್ಲಿ ಕಳಿಸಬಾರದೆಂದು ಅವಳು ಒಂದು ಡಬ್ಬಿ ಹಚ್ಚಿದ ಅವಲಕ್ಕಿ ಕೊಟ್ಟಳು. ಹುಡುಗ ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿ ಬಾಗಿಲು ಹಾಕಿಕೊಂಡಳು. ಮಹಡಿಯ ಮೇಲೆ ಡಾಕ್ಟರ್ ಉಮಾಶಂಕರ, ಅವಳ ಗಂಡ, ಎಡಗಾಲಿಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಗೊರಕೆ ಹೊಡೆಯುತ್ತಿದ್ದ.

ಬ್ಯಾಂಡೇಜಿನ ಒಳಗಿದ್ದದ್ದು ಚೆನ್ನಾಗಿರುವ ಕಾಲು. ಅದು ಅವಳಿಗೆ ಗೊತ್ತಿತ್ತು.

ಲಂಡನ್ ಮ್ಯಾರಥಾನಿಗೆ ಹೆಸರು ಬಂದ ದಿನದಿಂದ ಉಮಾಶಂಕರ ಭಾನುವಾರ ತಪ್ಪದೆ ಟ್ರ್ಯಾಕ್‌ಸೂಟು ಏರಿಸಿಕೊಂಡು ಹೊರಡುತ್ತಿದ್ದ. ಹದಿನೈದು ಮೈಲಿ ಆಯಿತು, ಹದಿನೆಂಟು ಆಯಿತು ಎನ್ನುತ್ತ ಮಧ್ಯಾಹ್ನ ಒಂದಕ್ಕೆ ಒದ್ದೆ ಅಂಗಿಯಲ್ಲಿ ಬರುತ್ತಿದ್ದ. ಗ್ರೀನ್‌ಫರ್ಡಿನ ಕಲ್ಯಾಣಿ, ಕೃಷ್ಣವೇಣಿಯ ಗೆಳತಿ, ಸೀರೆ ತರಲು ಈಸ್ಟ್ ಹ್ಯಾಮಿಗೆ ಹೋದಾಗ ಅವನನ್ನು ಹೋಟೆಲಿನ ಕಿಟಕಿಯಲ್ಲಿ ಕಂಡಳು. ಮುಂದೆ ಮಸಾಲೆ ದೋಸೆ. ಮುಂದಿನ ಭಾನುವಾರ ಬ್ಲೌಸ್ ಪೀಸು ಬದಲಿಸಲು ಹೋದಾಗಲೂ ಅದೇ ಕಿಟಕಿ, ಅದೇ ದೋಸೆ. "ಓಡಿ ಓಡಿ ಹಸಿದಿರಬೇಕು ಬಿಡು," ಎಂದು ಕಲ್ಯಾಣಿ ಫೋನಿನಲ್ಲಿ ನಕ್ಕಳು. ಅಂಗಿಯ ಬೆವರು ಹೋಟೆಲಿನ ನಲ್ಲಿಯದು ಎಂದು ಕೃಷ್ಣವೇಣಿಗೆ ಆಗ ಹೊಳೆಯಿತು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದೆ ಹೋದದ್ದು ಯುಗಾದಿ ಊಟದ ದಿನದ ಮಾತು. ಕನ್ನಡ ಸಂಘದವರು ಇನ್ನೂರು ಜನ ಶಾಲೆಯೊಂದರ ಹಾಲಿನಲ್ಲಿ ಸೇರಿದ್ದರು. ಉಮಾಶಂಕರ ಮೈಕು ಹಿಡಿದು, "ಮೂರು ತಾಸು ಐವತ್ತು ನಿಮಿಷ, ಬರದಿಟ್ಕೋರಿ," ಎಂದು ಘೋಷಿಸಿದ. ಕಾರ್ಯದರ್ಶಿ ಶಿವಪ್ರಕಾಶ ಸುಮ್ಮನೆ ತಮಾಷೆಗೆ, "ಮೇಡಂ ಓಡೋದಿಲ್ವಾ?" ಎಂದು ಕೇಳಿದರು.

"ಆಕೀನಾ?" ಎಂದ ಉಮಾಶಂಕರ. "ನಮ್ಮ ಮನ್ಯಾಗ ಶುರು ಮಾಡೂ ಡಿಪಾರ್ಟ್‌ಮೆಂಟು ಆಕೀದು, ಮುಗಸೂ ಡಿಪಾರ್ಟ್‌ಮೆಂಟು ನಂದು."

ಹಾಲಿಗೆ ಹಾಲೇ ನಕ್ಕಿತು. ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ ಕೃಷ್ಣವೇಣಿಯೂ ನಕ್ಕಳು. ಹಾಗೆ ನಕ್ಕದ್ದಕ್ಕೆ ಅವಳು ತನ್ನನ್ನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ.

ಅವಳು ಏನನ್ನು ಮುಗಿಸಲಿಲ್ಲ ಎಂಬುದು ಆ ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆ ಮುಗಿಸಲಿಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತು. ಅವಳೂ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮಾಡಿದವಳು. ಎರಡು ವರ್ಷ ಮುಂದಿದ್ದ ಉಮಾಶಂಕರನ ಜರ್ನಲ್ಲುಗಳನ್ನೆಲ್ಲ ಬರೆದುಕೊಟ್ಟವಳು ಅವಳೇ. ಹೃದಯದ ನಾಲ್ಕು ಕೋಣೆಗಳಿಗೆ ಕೆಂಪು, ನೀಲಿ ಪೆನ್ಸಿಲ್ ತಿಕ್ಕುತ್ತ ಅದನ್ನೇ ಪ್ರೀತಿ ಎಂದುಕೊಂಡಿದ್ದಳು. ಕ್ಲಾಸಿನಲ್ಲಿ ಅವನ ಹಾಜರಿಗೆ "ಎಸ್ ಸಾರ್" ಎಂದು ಪ್ರಾಕ್ಸಿ ಕೂಗಲು ಬೆಂಚಿಗೊಬ್ಬ ಗೆಳೆಯನಿದ್ದ. ಹಾಗೆ ಡಾಕ್ಟರಾದವನು ಇಂಗ್ಲೆಂಡಿಗೆ ಬಂದು ಇಲ್ಫರ್ಡಿನಲ್ಲಿ ಸ್ವಂತ ಸರ್ಜರಿ, ಅಂದರೆ ದವಾಖಾನೆ, ತೆರೆದ. ಇಲ್ಲಿ ಡಾಕ್ಟರಿಕೆ ಮಾಡಲು ಬರೆಯಬೇಕಾದ ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲಾದಳು. ಮೂರನೇ ಸಲ ಹಗಲೂ ರಾತ್ರಿ ಓದಿದ್ದಳು. ಪರೀಕ್ಷೆಯ ಬೆಳಿಗ್ಗೆ ಸರ್ಜರಿಯ ರಿಸೆಪ್ಷನಿಸ್ಟು ಬರಲಿಲ್ಲ. "ಇವತ್ತೊಂದಿನ ಕೂಡು ವೇಣಿ, ಪರೀಕ್ಷಾ ಮತ್ತ ಬರತದ," ಎಂದ ಗಂಡ. ಆ ಒಂದು ದಿನ ಕೂತವಳು ಹನ್ನೊಂದು ವರ್ಷವಾದರೂ ಎದ್ದಿರಲಿಲ್ಲ.

ಶನಿವಾರ ಸಂಜೆ ಉಮಾಶಂಕರ ಸುಧೀರನಿಗೆ ಫೋನು ಮಾಡಿದ್ದನ್ನು ಅವಳು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ನಂಬರು ಎಂದರೆ ಅಂಗಿಯ ಎದೆಗೆ ಚುಚ್ಚುವ ಚೀಟಿ; ಚಿಪ್ಪು ಎಂದರೆ ಬೂಟಿನ ದಾರಕ್ಕೆ ಕಟ್ಟುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ. ರಸ್ತೆಗೆ ಅಲ್ಲಲ್ಲಿ ಹಾಸಿದ ಚಾಪೆಯ ಮೇಲೆ ಅದು ಹಾದುಹೋದರೆ ಸಾಕು, ಕಂಪ್ಯೂಟರಿನಲ್ಲಿ ಹೆಸರು, ಹೊತ್ತು ಎಲ್ಲ ಬೀಳುತ್ತದೆ. ಕಾಲು ಯಾರದೆಂದು ಚಾಪೆ ಕೇಳುವುದಿಲ್ಲ. ಸುಧೀರ ಓಡಿದರೆ ಪಟ್ಟಿಯಲ್ಲಿ ಡಾಕ್ಟರ್ ಉಮಾಶಂಕರನ ಹೆಸರಿನ ಮುಂದೆ ಮೂರು ಐವತ್ತು ಬೀಳುತ್ತದೆ, ಕಾಲೇಜಿನ ಹಾಜರಿಯ ಹಾಗೆಯೇ. ಸರಿ, ಪ್ರಾಕ್ಸಿ ತಾನೇ, ನಾನೇ ಹಾಕುತ್ತೇನೆ ಎಂದುಕೊಂಡಳು ಕೃಷ್ಣವೇಣಿ. ಸಂಘವೆಲ್ಲ ಬಾಯಿ ಮುಚ್ಚಿಕೊಂಡು ನಗುವಂಥ ಹೊತ್ತನ್ನು ಅವನ ಹೆಸರಿಗೆ ಅಂಟಿಸಬೇಕು. ಬೇರೇನೂ ಬೇಡ.

'ಕಲ್ಯಾಣಿ ಮನೀಗೆ ಹೋಗೇನಿ. ಅನ್ನ, ಸಾರು ಅದ' ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ, ಅಂಗಿ, ನಂಬರು, ಚಿಪ್ಪು ಇದ್ದ ಗಂಡನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಬ್ಲ್ಯಾಕ್‌ಹೀತಿನ ಬಯಲಿನಲ್ಲಿ, ಓಟ ಶುರುವಾಗುವ ಜಾಗದಲ್ಲಿ, ಜನವೋ ಜನ. ಕೃಷ್ಣವೇಣಿಗೆ ನಲವತ್ತನಾಲ್ಕು. ತಯಾರಿ ಎಂದರೆ ಯುಗಾದಿಯ ಮಾರನೇ ದಿನದಿಂದ ಸಿಟ್ಟು ಇಳಿಸಿಕೊಳ್ಳಲು ವ್ಯಾಲೆಂಟೈನ್ಸ್ ಪಾರ್ಕಿನಲ್ಲಿ ಸಂಜೆ ಹಾಕಿದ ನಾಲ್ಕು ಸುತ್ತು, ಅಷ್ಟೇ. ಸಿಟ್ಟು ಇಳಿದಿರಲಿಲ್ಲ, ತೂಕವೂ ಇಳಿದಿರಲಿಲ್ಲ. ಕಾಲಲ್ಲಿ ಸೇಲಿನಲ್ಲಿ ತಂದ ಬಿಳಿ ಕ್ಯಾನ್ವಾಸು. ಮೈಮೇಲೆ ಮೊಣಕಾಲು ಮುಟ್ಟುವ ಗಂಡನ ಅಂಗಿ; ಸರ್ಜರಿಯ ನರ್ಸುಗಳು ಕರೆಯುವ ಹಾಗೆ 'ಉಮಾ' ಎಂದು ಎದೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡಿದ್ದ. ದಾರಿಯುದ್ದಕ್ಕೂ ಬೇಲಿಯಾಚೆಯ ಜನ ಆ ಹೆಸರನ್ನೇ ಕೂಗಿ ಕೂಗಿ ಹುರಿದುಂಬಿಸಿದರು. ಪ್ರತಿ ಕೂಗಿಗೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಓಡಲಿಲ್ಲ, ನಡೆದಳು. ಘೇಂಡಾಮೃಗದ ವೇಷ ಹೊತ್ತವನು ಅವಳನ್ನು ಹಿಂದೆ ಹಾಕಿ ಹೋದ. ಕೋಲು ಹಿಡಿದ ಮುದುಕರೊಬ್ಬರು ಹಿಂದೆ ಹಾಕಿ, ತಿರುಗಿ ನೋಡಿ ಕೈಬೀಸಿ ಹೋದರು. ಬಹಳ ಒಳ್ಳೆಯದು, ಎಲ್ಲರೂ ಹೋಗಿ ಎಂದುಕೊಂಡಳು. ಒಂಬತ್ತನೇ ಮೈಲಿಯ ಹೊತ್ತಿಗೆ ಹಿಮ್ಮಡಿ ಸುಲಿಯಿತು. ಹಸಿರು ಸಮವಸ್ತ್ರದ ಹೆಂಗಸೊಬ್ಬಳು ಕೈಗವಸಿನ ಅಂಗೈಯಲ್ಲಿ ಬೆಣ್ಣೆಯಂಥದೇನನ್ನೋ ಒಡ್ಡಿ ನಿಂತಿದ್ದಳು. ಶಕ್ತಿಗೆ ಕೊಡುವುದಿರಬೇಕೆಂದು ಕೃಷ್ಣವೇಣಿ ಒಂದು ಬೆರಳು ತೆಗೆದುಕೊಂಡು ಇನ್ನೇನು ಬಾಯಿಗೆ ಇಡಬೇಕು, ಮುಂದಿದ್ದವನು ಅದನ್ನು ತೊಡೆಸಂದಿಗೆ ತಿಕ್ಕಿಕೊಳ್ಳುವುದು ಕಂಡಿತು. ವ್ಯಾಸ್ಲೀನು. ಎಂಬಿಬಿಎಸ್ ಓದಿದ್ದಕ್ಕೂ ಸಾರ್ಥಕ ಎಂದು ತನ್ನನ್ನೇ ಬೈದುಕೊಂಡು ಹಿಮ್ಮಡಿಗೆ ಸವರಿಕೊಂಡಳು.

ಟವರ್ ಬ್ರಿಡ್ಜ್ ದಾಟುವಾಗ ಕಣ್ಣು ಕತ್ತಲೆ ಬಂತು. ಫುಟ್‌ಪಾತಿನ ಅಂಚಿಗೆ ಕೂತುಬಿಟ್ಟಳು. ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ. ಓಟದ ಮೇಲ್ವಿಚಾರಣೆಗೆ ನಿಂತ ಹಳದಿ ಕೋಟಿನ ಮಾರ್ಷಲ್ ಒಬ್ಬ ಬಗ್ಗಿ, ನಡುವೆ ಬಿಟ್ಟವರನ್ನು ಒಯ್ಯುವ ಗಾಡಿ ಕರೆಸಲೇ ಎಂದು ಮೆತ್ತಗೆ ಕೇಳಿದ. ಹೂಂ ಎನ್ನಬೇಕೆಂದು ಬಾಯಿ ತೆರೆದವಳಿಗೆ ಥಟ್ಟನೆ ಲೆಕ್ಕ ಹೊಳೆಯಿತು. ಇಲ್ಲಿ ಗಾಡಿ ಹತ್ತಿದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಹೆಸರಿಲ್ಲದಿದ್ದರೆ ಉಮಾಶಂಕರ ಬ್ಯಾಂಡೇಜಿನ ಕಾಲು ತೋರಿಸಿ ಎಲ್ಲರಿಂದ ಅಯ್ಯೋ ಪಾಪ ಎನ್ನಿಸಿಕೊಳ್ಳುತ್ತಾನೆ. ಅವನ ಮಾನ ಕಳೆಯಬೇಕಾದರೆ ಕೊನೆಯ ಚಾಪೆಯನ್ನು ಮುಟ್ಟಲೇಬೇಕು. ಅವಳು ಮಾರ್ಷಲನ ಕೈ ಹಿಡಿದು ಎದ್ದಳು.

ಅಲ್ಲಿಂದಾಚೆ ನಡೆಸಿದ್ದು ಬರೀ ಹಗೆ. ಡಾಕ್‌ಲ್ಯಾಂಡ್ಸಿನ ಗಾಜಿನ ಕಟ್ಟಡಗಳ ನಡುವೆ ನದಿಯ ಗಾಳಿ ಚುಚ್ಚುತ್ತಿತ್ತು. ಹದಿನೆಂಟನೇ ಮೈಲಿಯಲ್ಲಿ ಬಲಗಾಲಿನ ಹೆಬ್ಬೆರಳಿನಲ್ಲಿ ಏನೋ ಪುಳಕ್ಕೆಂದು ಒಡೆದು ಕ್ಯಾನ್ವಾಸು ಒಳಗೆ ಬೆಚ್ಚಗಾಯಿತು. ಒಂದೊಂದು ಹೆಜ್ಜೆಗೂ ಅವನ ಒಂದೊಂದು ಮಾತು ನೆನಪಿಸಿಕೊಂಡಳು. ಇವತ್ತೊಂದಿನ ಕೂಡು. ಪರೀಕ್ಷಾ ಮತ್ತ ಬರತದ. ಅತಿಥಿಗಳ ಮುಂದೆ, ನಮ್ಮಾಕಿ ಅರ್ಧ ಡಾಕ್ಟರು. ಮಾತಿಗೇನು, ಇಪ್ಪತ್ತಾರು ಮೈಲಿಗೂ ಸಾಕಾಗುವಷ್ಟಿದ್ದವು. ಜನ ಕರಗಿದರು, ಬೇಲಿಗಳನ್ನು ಲಾರಿಗೆ ಹೇರತೊಡಗಿದರು, ಕಸ ಗುಡಿಸುವ ಗಾಡಿ ಬೆನ್ನ ಹಿಂದೆಯೇ ಬಂತು. ಟವರ್ ಆಫ್ ಲಂಡನ್ನಿನ ಬಳಿ ಕಲ್ಲುಹಾಸಿನ ಮೇಲೆ ಹಾಸಿದ್ದ ಜಮಖಾನೆಯನ್ನು ಸುತ್ತಿ ಎತ್ತುತ್ತಿದ್ದರು. ಅವಳು ಬರೀ ಕಲ್ಲಿನ ಮೇಲೆಯೇ ಹೋದಳು.

ಕೊನೆಯ ತಿರುವು ತಿರುಗಿದಾಗ ದೂರದಲ್ಲಿ ಓಟದ ಹೊತ್ತು ತೋರಿಸುವ ಗಡಿಯಾರ ಕಂಡಿತು. ಏಳು ತಾಸು ಮೂವತ್ತೈದು ನಿಮಿಷ. ಇಲ್ಲೇ ಒಂದು ಬೆಂಚು ಹುಡುಕಿ ಕೂತರೆ ಎಂಟು ತಾಸನ್ನೇ ಗಂಡನ ಕೊರಳಿಗೆ ಕಟ್ಟಬಹುದಿತ್ತು. ಅದು ಅವಳಿಗೆ ಹೊಳೆಯಿತು ಕೂಡ. ಆದರೆ ಅಷ್ಟರಲ್ಲಿ ಅವಳು ಓಡುತ್ತಿದ್ದಳು. ಬೆಳಗಿನಿಂದ ಒಂದು ಹೆಜ್ಜೆಯೂ ಓಡದವಳು, ಯಾಕೆ ಓಡುತ್ತಿದ್ದೇನೆಂದು ಗೊತ್ತಿಲ್ಲದೆ, ಅಳುತ್ತ, ಗಂಡನ ಅಂಗಿ ಮೊಣಕಾಲಿಗೆ ಬಡಿಯುತ್ತಿರಲು ಓಡಿ ಚಾಪೆಯನ್ನು ತುಳಿದಳು. ಕೊರಳಿಗೆ ಪದಕ ಹಾಕಿದ ಹುಡುಗಿ ಅಭಿನಂದನೆ ಹೇಳಿ ಅವನ ಹೆಸರಿನಿಂದ ಕರೆದಳು.

ಅವಳು ಮನೆ ಮುಟ್ಟಿದಾಗ ಸಂಜೆ ಏಳು ಗಂಟೆ. ಉಮಾಶಂಕರ ದಿನವಿಡೀ ಪರದೆ ಮುಚ್ಚಿ ಒಳಗೇ ಇದ್ದ. ಓಡುತ್ತಿರಬೇಕಾದವನು ಬೀದಿಯಲ್ಲಿ ಕಾಣಿಸುವ ಹಾಗಿರಲಿಲ್ಲ. ಓಟ ಮುಗಿಸಿದವರಿಗೆ ಚಳಿ ತಡೆಯಲು ಕೊಡುವ ಬೆಳ್ಳಿ ಬಣ್ಣದ ಹಾಳೆ ಹೊದ್ದುಕೊಂಡು ಹೆಂಡತಿ ಗೋಡೆ ಹಿಡಿದು ಒಳಗೆ ಬಂದದ್ದನ್ನು ಅವನು ಅರ್ಥವಾಗದೆ ನೋಡಿದ.

"ಸುಧೀರ ಎಲ್ಲೆ?" ಎಂದ.

"ಬಂದಿದ್ದ. ನಿಮ್ಮ ಕಾಲು ನೆಟ್ಟಗಾತು, ನೀವೇ ಓಡತೀರಿ ಅಂತ ಹೇಳಿ ಕಳಿಸಿದೆ."

"ಮತ್ತ ಓಡಿದವರು ಯಾರು?"

ಅವಳು ಪದಕವನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. "ಏಳು ತಾಸು ಮೂವತ್ತೆಂಟು ನಿಮಿಷ. ನಿಮ್ಮ ಹೆಸರಿನ ಮುಂದ."

ಉಮಾಶಂಕರ ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. "ತಲಿ ಕೆಟ್ಟದ ಏನ ನಿಂದು? ಎಪ್ಪತ್ತರ ಮುದುಕರು ಐದು ತಾಸಿನಾಗ ಮುಗಸ್ತಾರ. ನಾಳೆ ಪೇಪರಿನಾಗ ಬರತದ ಅದು. ಸಂಘದಾಗ ನಾ ಮಾರಿ ಹ್ಯಾಂಗ ತೋರಸ್ಲಿ?"

"ಅದನ್ನ ನೋಡ್ಲಿಕ್ಕೇ ಓಡೇನಿ," ಎಂದಳು ಕೃಷ್ಣವೇಣಿ. ಮೆಟ್ಟಿಲನ್ನು ಕೂತು ಕೂತು ಹತ್ತಿ ಹೋಗಿ, ಊಟವನ್ನೂ ಮಾಡದೆ ಕಲ್ಲಿನಂತೆ ನಿದ್ದೆ ಹೋದಳು.

ಎರಡು ದಿನ ಅವನು ಮಾತು ಬಿಟ್ಟ. ಆ ಎರಡು ದಿನ ಅವಳಿಗೆ ಹಬ್ಬ. ಬುಧವಾರ ಸಂಜೆ ಶಿವಪ್ರಕಾಶರ ಫೋನು ಬಂತು. ಉಮಾಶಂಕರ ಮೊದಲು ತೊದಲಿದ, ಆಮೇಲೆ ಅವನ ದನಿ ಏರಿತು.

"ಏನ್ ಹೇಳ್ಲಿ ಸಾಹೇಬ್ರ. ಮೊದಲ ಕಾಲು ಉಳುಕಿತ್ತು, ಮೂರನೇ ಮೈಲಿಗೆ ಮತ್ತ ಹೋತು ನೋಡ್ರಿ. ಎಲ್ಲಾರೂ ಗಾಡಿ ಹತ್ತು ಅಂದ್ರು. ನಡುವ ಬಿಟ್ಟು ಬರೂ ಮನಿಶ್ಯಾ ಅಲ್ಲಲ್ಲ ನಾ. ಕುಂಟಿಕೋತ ಮುಗಿಸೇಬಿಟ್ಟೆ. ಸುಧೀರಗ ಕೇಳ್ರಿ, ಅವಂಗ ಎಲ್ಲಾ ಗೊತ್ತದ."

ಈರುಳ್ಳಿ ಹೆಚ್ಚುತ್ತಿದ್ದ ಕೃಷ್ಣವೇಣಿ ಚಾಕು ಕೆಳಗಿಟ್ಟಳು. ಸುಧೀರನಿಗೆ ಗೊತ್ತಿದ್ದದ್ದು ಅವಳೇ ಬಾಗಿಲಲ್ಲಿ ನಿಂತು ಹೇಳಿದ ಸುಳ್ಳು. ಆ ಸುಳ್ಳೇ ಈಗ ಗಂಡನಿಗೆ ಸಾಕ್ಷಿಯಾಗಿತ್ತು. ಸುಧೀರನನ್ನು ಕೇಳಿಕೊಂಡು ಅರ್ಧ ಗಂಟೆಯಲ್ಲಿ ಶಿವಪ್ರಕಾಶ ಮತ್ತೆ ಫೋನು ಮಾಡಿದರು. ಉಳುಕಿದ ಕಾಲಿನಲ್ಲಿ ಇಪ್ಪತ್ತಾರು ಮೈಲಿ. ಇದು ಸಣ್ಣ ಮಾತಲ್ಲ. ಶನಿವಾರ ಸಂಘದ ವಸಂತೋತ್ಸವದಲ್ಲಿ ದಂಪತಿಗೆ ಸನ್ಮಾನ.

ಮೈಕು ಕಸಿದುಕೊಂಡು ನಾನು ಓಡಿದ್ದು ಎಂದು ಕೂಗಿದರೆ ಯಾರು ನಂಬುತ್ತಾರೆ? ಗಂಡನಿಗೆ ಹೆಸರು ಬಂದದ್ದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಆ ರಾತ್ರಿ ಅವಳು ನೋಯುವ ಕಾಲನ್ನು ಬಿಸಿನೀರಿಗೆ ಇಳಿಬಿಟ್ಟು ಬಹಳ ಹೊತ್ತು ಯೋಚಿಸಿದಳು.

"ಸೂಟು ಬ್ಯಾಡ್ರಿ," ಎಂದಳು ಮರುದಿನ, ತಾನಾಗಿ. "ಸನ್ಮಾನಕ್ಕ ಜರೀ ಧೋತರ ಛಂದ. ನಾ ಇಸ್ತ್ರಿ ಮಾಡಿಡತೀನಿ."

ಉಮಾಶಂಕರನಿಗೆ ಖುಷಿಯಾಯಿತು. ಹೆಂಡತಿ ದಾರಿಗೆ ಬಂದಳೆಂದುಕೊಂಡು, ಆದದ್ದಾತು ಬಿಡು ಎಂದು ದೊಡ್ಡ ಮನಸ್ಸು ಮಾಡಿದ. ಶನಿವಾರ ಹೊರಡುವ ಮುಂಚೆ ಅವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಕಾಲಿನ ಪ್ಲಾಸ್ಟರುಗಳನ್ನು ಒಂದೊಂದಾಗಿ ಕಿತ್ತಳು. ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಟ್ಟಳು.

ಸಂಘದ ವೇದಿಕೆಯ ಮೇಲೆ ಭುವನೇಶ್ವರಿಯ ಪಟ ಇಟ್ಟು ದೀಪ ಹಚ್ಚಿರುತ್ತಾರೆ. ಯಾರೇ ಆಗಲಿ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಹತ್ತಬೇಕು. ಉಮಾಶಂಕರ, ಬ್ಯಾಂಡೇಜು ಹಿಡಿಸದೆಂದು ಅದನ್ನು ಮನೆಯಲ್ಲೇ ಬಿಟ್ಟು ಹಾಕಿಕೊಂಡು ಬಂದಿದ್ದ ಪಂಪ್ ಶೂ ಕಳಚಿ, ಎಡಗಾಲನ್ನು ಎಳೆಯುತ್ತ ಹತ್ತಿದ. ಜನ ಚಪ್ಪಾಳೆ ತಟ್ಟಿದರು. ಅವನ ಹಿಂದೆ ಕೃಷ್ಣವೇಣಿ ಚಪ್ಪಲಿ ಬಿಟ್ಟು, ಕಂಬಿ ಹಿಡಿದು, ಹಲ್ಲು ಕಚ್ಚಿ ಒಂದೊಂದೇ ಮೆಟ್ಟಿಲು ಹತ್ತಿ ಅವನ ಪಕ್ಕಕ್ಕೆ ಬಂದು ನಿಂತಳು.

ವೇದಿಕೆ ಎದೆಮಟ್ಟದಷ್ಟು ಎತ್ತರ. ಮುಂದಿನ ಎರಡು ಸಾಲಿನಲ್ಲಿ ಕೂತವರೆಲ್ಲ ಡಾಕ್ಟರುಗಳು. ಅವರ ಕಣ್ಣಿಗೆ ನೇರವಾಗಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಎರಡು ಜೊತೆ ಪಾದಗಳು. ಒಂದು ಜೊತೆ ಹಾಲು ಸುರಿದು ತೊಳೆದಿಟ್ಟಂತಿತ್ತು. ಊತವಿಲ್ಲ, ಗೀರಿಲ್ಲ, ಜರಿಯಂಚಿನ ಕೆಳಗೆ ಮಗುವಿನ ಕಾಲಿನಷ್ಟು ನುಣುಪು. ಇನ್ನೊಂದರಲ್ಲಿ ನಾಲ್ಕು ಉಗುರು ಕಪ್ಪಾಗಿದ್ದವು, ಒಂದು ಉಗುರು ಇರಲೇ ಇಲ್ಲ, ಹಿಮ್ಮಡಿಯ ಚರ್ಮ ಎದ್ದು ಹಸಿಮಾಂಸ ಕಾಣುತ್ತಿತ್ತು. ಚಪ್ಪಾಳೆ ಮುಂದಿನ ಸಾಲಿನಿಂದ ಮೊದಲು ನಿಂತಿತು. ಆಮೇಲೆ ಹಿಂದಿನವರೂ ಏನೋ ಆಗಿದೆಯೆಂದು ನಿಲ್ಲಿಸಿದರು.

ಮುಖ್ಯ ಅತಿಥಿ ಡಾಕ್ಟರ್ ವಿಜಯಾ ಶಾಲು ಹಿಡಿದು ಮುಂದೆ ಬಂದರು. ಮೈಸೂರಿನವರು, ಮೂವತ್ತು ವರ್ಷ ಇಲ್ಲಿ ಮೂಳೆ ಡಾಕ್ಟರಾಗಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದವರು. ಶಾಲು ಬಿಚ್ಚುತ್ತ ತಲೆ ತಗ್ಗಿಸಿದವರು ಹಾಗೇ ನಿಂತರು. ಅವನ ಕಾಲು ನೋಡಿದರು, ಅವಳದು ನೋಡಿದರು, ಮತ್ತೆ ಅವನದು ನೋಡಿದರು.

"ಯಾವ ಕಾಲು ಉಳುಕಿದ್ದು, ಡಾಕ್ಟ್ರೇ?"

"ಎಡದ್ದು," ಎಂದ ಉಮಾಶಂಕರ.

ವಿಜಯಾ ತಲೆಯಾಡಿಸಿದರು. ಆಮೇಲೆ ಕೃಷ್ಣವೇಣಿಯ ಕಡೆ ತಿರುಗಿ, "ಇದು ಯಾವಾಗ ಆಯ್ತಮ್ಮ?" ಎಂದರು.

"ಹದಿನೆಂಟನೇ ಮೈಲಿಗೆ ಬಲಗಾಲಿನ ಉಗುರು ಹೋತ್ರಿ," ಎಂದಳು ಕೃಷ್ಣವೇಣಿ, ಸರ್ಜರಿಯಲ್ಲಿ ರೋಗಿಗಳಿಗೆ ಅಪಾಯಿಂಟ್‌ಮೆಂಟಿನ ಹೊತ್ತು ಹೇಳುವ ದನಿಯಲ್ಲಿ. "ಎಡಗಾಲಿಂದು ಇಪ್ಪತ್ತೊಂದಕ್ಕ ಕಪ್ಪಾತು."

ಶಿವಪ್ರಕಾಶರ ಕೈಯಲ್ಲಿದ್ದ ಮೈಕು ಅದನ್ನು ಹಾಲಿನ ಮೂಲೆ ಮೂಲೆಗೂ ಮುಟ್ಟಿಸಿತು. ನಾಲ್ಕನೇ ಸಾಲಿನಲ್ಲಿ ಸುಧೀರ ಎದ್ದು ನಿಂತ. ಹಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಉಮಾಶಂಕರನಿಗೆ ಒಂದು ಮಾತು ಹೊಳೆಯುತ್ತಿತ್ತೇನೋ. "ವೇಣಿ, ಕೆಳಗ ನಡಿ," ಎಂದ ಪಿಸುದನಿಯಲ್ಲಿ. ಅವಳು ಅವನ ಮುಖವನ್ನು ಚೆನ್ನಾಗಿ, ಸಾವಕಾಶವಾಗಿ ನೋಡಿದಳು. ಆರು ದಿನದಿಂದ ಬೇಕೆಂದಿದ್ದ ಮುಖ ಅದೇ ಆಗಿತ್ತು.

ನಿಲ್ಲಲು ಕಾಲು ಒಪ್ಪುತ್ತಿರಲಿಲ್ಲ. ದಂಪತಿಗೆ ಸನ್ಮಾನ ಎಂದಿದ್ದರೂ ಹೂವು ಸುತ್ತಿಟ್ಟಿದ್ದ ಕುರ್ಚಿ ಒಂದೇ ಇತ್ತು. ಅವಳು ಹೋಗಿ ಅದರಲ್ಲಿ ಕೂತಳು.

ವಿಜಯಾ ಶಾಲನ್ನು ಮೇಜಿನ ಮೇಲಿಟ್ಟರು. ಮೇಜಿನ ಅಂಚು ಹಿಡಿದು, ಒಂದು ಮೊಣಕಾಲು ಊರಿ, ಇನ್ನೊಂದು ಊರಿ, ರೇಷ್ಮೆ ಸೀರೆಯಲ್ಲೇ ವೇದಿಕೆಯ ಹಲಗೆಯ ಮೇಲೆ ಕೂತು ಅವಳ ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಕೃಷ್ಣವೇಣಿ ಗಾಬರಿಯಾಗಿ ಕಾಲು ಎಳೆದುಕೊಳ್ಳಲು ನೋಡಿದಳು.

"ಬ್ಯಾಡ್ರಿ, ದೊಡ್ಡವರು ನೀವು. ಕಾಲು ಮುಟ್ಟಬಾರದ್ರಿ."

"ಸುಮ್ನಿರಮ್ಮ," ಎಂದರು ವಿಜಯಾ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಉಗುರು ಹೋದ ಬೆರಳಿನ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡತೊಡಗಿದರು.